ಮಂಜಿನ ದ್ರಾಕ್ಷಿ ಮತ್ತು ಪೀಪಾಯಿ ಜಗಳ

ಇಟಲಿಯ ವೈನ್ ಬಗ್ಗೆ ಏನೇ ಓದಲು ಹೊರಟರೂ ಮೊದಲ ಪ್ಯಾರಾದಲ್ಲೇ ರೋಮನ್ನರು ಬಂದುಬಿಡುತ್ತಾರೆ. ಎರಡು ಸಾವಿರ ವರ್ಷದ ಪರಂಪರೆ, ಅಜ್ಜನ ಅಜ್ಜನಿಂದ ಬಂದ ವಿಧಾನ, ಬದಲಾಗದ ರುಚಿ... ಹೀಗೆ. ಬಾಟಲಿಯ ಲೇಬಲ್ ಮೇಲೆ ಒಂದು ಕೋಟೆಯೋ ರಾಜಲಾಂಛನವೋ ಇದ್ದೇ ಇರುತ್ತದೆ. ನಮ್ಮಲ್ಲಿ ಉಪ್ಪಿನಕಾಯಿ ಬಾಟಲಿಯ ಮೇಲೆ ಅಜ್ಜಿಯ ಚಿತ್ರ ಹಾಕುತ್ತಾರಲ್ಲ, ಹಾಗೆ.

ನಾನು ಕೆಲವು ತಿಂಗಳಿಂದ ಒಂದೇ ಒಂದು ವೈನಿನ ಇತಿಹಾಸದ ಹಿಂದೆ ಬಿದ್ದಿದ್ದೇನೆ. ಅದರ ಹೆಸರು ಬರೋಲೋ. (ಇತಿಹಾಸದ ಹಿಂದೆ ಮಾತ್ರ. ಬಾಟಲಿಯ ಬೆಲೆ ನೋಡಿದ ಮೇಲೆ ಓದುವುದೇ ಕ್ಷೇಮ ಅನ್ನಿಸಿತು :) ) "ರಾಜರ ವೈನ್, ವೈನುಗಳ ರಾಜ" ಅಂತ ಇದಕ್ಕೆ ಬಿರುದು ಬೇರೆ ಇದೆ. ಓದುತ್ತಾ ಹೋದ ಹಾಗೆ ನನಗೆ ಕುತೂಹಲ ಹುಟ್ಟಿಸಿದ್ದು ರಾಜರ ಕಥೆಯಲ್ಲ. ಈಗ ನಾವು ಬರೋಲೋ ಅಂತ ಕರೆಯುವ ರುಚಿಗೆ ಇನ್ನೂರು ವರ್ಷ ಕೂಡ ಆಗಿಲ್ಲ. ದ್ರಾಕ್ಷಿ ಬೆಳೆಯುವ ಸಣ್ಣ ರೈತನ ಹೆಸರು ಬಾಟಲಿಯ ಮೇಲೆ ಬರುವುದು ಮಾಮೂಲಾಗಿ ಇನ್ನೂ ಐವತ್ತು-ಅರವತ್ತು ವರ್ಷ. ಅದರ ನಡುವೆ ಒಬ್ಬ ಮಗ ಅಪ್ಪನ ಪೀಪಾಯಿಗಳನ್ನು ಮೋಟಾರ್ ಗರಗಸದಿಂದ ಕೊಯ್ದು ಹಾಕಿದ. ಈ ಮೂರಕ್ಕೂ ಸಂಬಂಧ ಇದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಇಟಲಿಯ ವಾಯವ್ಯ ಮೂಲೆಯಲ್ಲಿ ಪಿಯೆಮೊಂಟೆ ಪ್ರಾಂತ್ಯ. ಅಲ್ಲಿನ ದೊಡ್ಡ ನಗರ ತೂರಿನ್, ಫಿಯಟ್ ಕಾರಿನ ಊರು. ಅಲ್ಲಿಂದ ದಕ್ಷಿಣಕ್ಕೆ ಹೋದರೆ ತಾನಾರೋ ನದಿಯ ದಡದಲ್ಲಿ ಆಲ್ಬಾ ಎಂಬ ಪಟ್ಟಣ. ಆಲ್ಬಾದ ಸುತ್ತ ಇರುವ ಗುಡ್ಡಗಳಿಗೆ ಲಾಂಗೆ ಅಂತ ಹೆಸರು. ಈ ಗುಡ್ಡಗಳಲ್ಲಿ ಬರೋಲೋ ಎನ್ನುವುದು ಒಂದು ಸಣ್ಣ ಹಳ್ಳಿ. ಈಗಿನ ಕಾನೂನಿನ ಪ್ರಕಾರ ಬರೋಲೋ ಸೇರಿ ಹನ್ನೊಂದು ಊರುಗಳ ಗಡಿಯೊಳಗೆ ಬೆಳೆದ ನೆಬ್ಬಿಯೋಲೋ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿದರೆ ಮಾತ್ರ ಅದು ಬರೋಲೋ. ಬೇರೆ ದ್ರಾಕ್ಷಿ ಒಂದು ಹನಿಯೂ ಬೆರೆಯುವಂತಿಲ್ಲ.

ನೆಬ್ಬಿಯೋಲೋ ಹೆಸರು "ನೆಬ್ಬಿಯಾ", ಅಂದರೆ ಮಂಜು ಎಂಬ ಪದದಿಂದ ಬಂದಿರಬೇಕು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಅಕ್ಟೋಬರಿನಲ್ಲಿ ಲಾಂಗೆ ಕಣಿವೆಗಳಲ್ಲಿ ದಟ್ಟ ಮಂಜು ಇಳಿಯುವ ಹೊತ್ತಿಗೆ ಈ ಹಣ್ಣು ಮಾಗುತ್ತಿತ್ತು. 13ನೇ ಶತಮಾನದ ದಾಖಲೆಗಳಲ್ಲೇ ಇದರ ಹೆಸರು ಸಿಗುತ್ತದೆ, ಅಂದರೆ ದ್ರಾಕ್ಷಿ ಹಳೆಯದೇ. ಆದರೆ ತುಂಬಾ ಹಠಮಾರಿ ಬಳ್ಳಿ. ಉಳಿದ ದ್ರಾಕ್ಷಿಗಳಿಗಿಂತ ಮೊದಲು ಚಿಗುರುತ್ತದೆ, ಎಲ್ಲದಕ್ಕಿಂತ ಕೊನೆಗೆ ಮಾಗುತ್ತದೆ. ಮೊದಲು ಚಿಗುರಿದರೆ ವಸಂತದ ಹಿಮಪಾತದ ಭಯ, ಕೊನೆಗೆ ಮಾಗಿದರೆ ಶರತ್ಕಾಲದ ಮಳೆಯ ಭಯ. ಹಾಗಾಗಿ ರೈತರು ಒಳ್ಳೆಯ ಬಿಸಿಲು ಬೀಳುವ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನು ಇದಕ್ಕೆ ಮೀಸಲಿಟ್ಟು ಉಳಿದ ಕಡೆ ಬಾರ್ಬೆರಾ, ದೊಲ್ಚೆಟ್ಟೋ ಎಂಬ ಸುಲಭದ ದ್ರಾಕ್ಷಿ ಹಾಕುತ್ತಿದ್ದರು. ಒಳ್ಳೆಯ ಇಳಿಜಾರು ಯಾವುದು ಅಂತ ಗೊತ್ತು ಮಾಡುವುದಕ್ಕೆ ಯಂತ್ರ ಬೇಕಿರಲಿಲ್ಲ. ಚಳಿಗಾಲದ ಕೊನೆಯಲ್ಲಿ ಎಲ್ಲಿ ಹಿಮ ಮೊದಲು ಕರಗುತ್ತದೋ ಅದೇ ಜಾಗ. ಅಂಥ ಬಿಸಿಲು ಇಳಿಜಾರಿಗೆ ಸ್ಥಳೀಯ ಭಾಷೆಯಲ್ಲಿ "ಸೋರಿ", ಗುಡ್ಡದ ನೆತ್ತಿಗೆ "ಬ್ರಿಕ್ಕೋ". ಇವತ್ತು ದುಬಾರಿ ಬಾಟಲಿಗಳ ಮೇಲೆ ಕಾಣುವ ಸೋರಿ, ಬ್ರಿಕ್ಕೋ ಎಂಬ ಪದಗಳು ಹುಟ್ಟಿದ್ದು ಹೀಗೆ. ಈಗಿನ ನಿಯಮದಲ್ಲೂ ಪೂರ್ತಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬೆಳೆದದ್ದು ಬರೋಲೋ ಆಗುವುದಿಲ್ಲ.

ಮಣ್ಣಿನ ವಿಷಯ ಕೂಡ ಸ್ವಾರಸ್ಯವಾಗಿದೆ. ಈ ಗುಡ್ಡಗಳೆಲ್ಲ ಒಂದು ಕಾಲಕ್ಕೆ ಸಮುದ್ರದ ತಳ. ಸುಣ್ಣ ಬೆರೆತ ಜೇಡಿಮಣ್ಣು ಪದರ ಪದರವಾಗಿ ಕೂತು ಆಮೇಲೆ ಮೇಲೆದ್ದಿದೆ. ಪಶ್ಚಿಮದ ಲಾ ಮೋರ್ರಾ, ಬರೋಲೋ ಊರುಗಳ ಕಡೆಯ ಪದರ ಸ್ವಲ್ಪ ಹೊಸದು, ನೀಲಿ ಛಾಯೆಯ ಜೇಡಿ. ಪೂರ್ವದ ಸೆರ್ರಲುಂಗ, ಮೊನ್‌ಫೋರ್ತೆ ಕಡೆಯದು ಇನ್ನೂ ಹಳೆಯದು, ಮರಳುಗಲ್ಲು ಹೆಚ್ಚು. ಮೊದಲನೆಯದರಲ್ಲಿ ಮೃದುವಾದ, ಪರಿಮಳದ ವೈನ್, ಎರಡನೆಯದರಲ್ಲಿ ಗಡಸು ವೈನ್ ಅಂತ ಹೇಳುವುದು ವಾಡಿಕೆ. ಎರಡು ಊರಿನ ನಡುವೆ ಕೆಲವೇ ಕಿಲೋಮೀಟರು ದೂರ ಅನ್ನುವುದು ನೆನಪಿರಲಿ.

ಈಗ ರುಚಿಯ ಇತಿಹಾಸಕ್ಕೆ ಬರೋಣ. 1787ರಲ್ಲಿ ಥಾಮಸ್ ಜೆಫರ್ಸನ್ (ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದ ಅದೇ ಜೆಫರ್ಸನ್) ತೂರಿನ್‌ಗೆ ಬಂದಿದ್ದ. ಅಲ್ಲಿ ನೆಬ್ಬಿಯೋಲೋ ವೈನ್ ಕುಡಿದು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡ: ಮದೇರಾದಷ್ಟು ಸಿಹಿ, ಬೋರ್ಡೋದಷ್ಟು ಒಗರು, ಶಾಂಪೇನಿನಷ್ಟು ಚುರುಕು ಅಂತ. ಸಿಹಿ ಮತ್ತು ನೊರೆ! ಇವತ್ತಿನ ಬರೋಲೋ ಇವೆರಡೂ ಅಲ್ಲ. ಅದು ಸಕ್ಕರೆಯ ಸುಳಿವೇ ಇಲ್ಲದ, ಗುಳ್ಳೆ ಇಲ್ಲದ ವೈನ್.

ಕಾರಣ ಸರಳ. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಇಡ್ಲಿ ಹಿಟ್ಟು ಡಿಸೆಂಬರಿನಲ್ಲಿ ಉಬ್ಬದೆ ಕೂರುವುದನ್ನು ನೋಡಿದ್ದೀರಲ್ಲ? ಇದೂ ಅದೇ ಥರ. ನೆಬ್ಬಿಯೋಲೋ ಕೊಯ್ಲಾಗುವುದೇ ತಡ, ಅಷ್ಟರಲ್ಲಿ ಚಳಿ ಶುರು. ನೆಲಮಾಳಿಗೆ ತಣ್ಣಗಾಗಿ ಯೀಸ್ಟ್ ಅರ್ಧದಲ್ಲೇ ಮಲಗಿಬಿಡುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ವಸಂತದಲ್ಲಿ ಬೆಚ್ಚಗಾದಾಗ ಮತ್ತೆ ಎದ್ದು ಕೆಲಸ ಶುರು ಮಾಡುತ್ತದೆ, ಗುಳ್ಳೆ ಬರುತ್ತದೆ. ಇಂಥ ವೈನ್ ಗಾಡಿಯಲ್ಲಿ ಸಾಗಿಸಿದರೆ ಕೆಡುತ್ತಿತ್ತು, ಬೇಸಿಗೆ ದಾಟುವುದೂ ಕಷ್ಟ.

ಇದನ್ನು ಬದಲಾಯಿಸಿದವರು ಯಾರು? ಜನಪ್ರಿಯ ಕಥೆಯ ಪ್ರಕಾರ ಬರೋಲೋದ ಜಮೀನ್ದಾರಿಣಿ ಜೂಲಿಯಾ ಕೋಲ್ಬೆರ್ ಫಾಲೆತ್ತಿ. ಆಕೆ ಫ್ರಾನ್ಸಿನಲ್ಲಿ ಹುಟ್ಟಿದವಳು, 1838ರಲ್ಲಿ ಗಂಡ ತೀರಿಕೊಂಡ ಮೇಲೆ ಆಸ್ತಿಯನ್ನೆಲ್ಲ ತಾನೇ ನೋಡಿಕೊಂಡವಳು, ತೂರಿನ್‌ನ ಜೈಲುಗಳ ಹೆಣ್ಣು ಕೈದಿಗಳಿಗಾಗಿ ಕೆಲಸ ಮಾಡಿದವಳು. ಅವಳೂ, ಪಕ್ಕದ ಗ್ರಿನ್‌ಜಾನೆ ಊರಿನಲ್ಲಿ ತೋಟ ಇಟ್ಟುಕೊಂಡಿದ್ದ ಕವೂರ್ ಎಂಬ ಯುವಕನೂ ಲೂಯಿ ಊದಾರ್ ಎಂಬ ಫ್ರೆಂಚ್ ತಜ್ಞನನ್ನು ಕರೆಸಿ ಬೋರ್ಡೋ ರೀತಿಯಲ್ಲಿ ವೈನ್ ಮಾಡಿಸಿದರು ಅಂತ ಕಥೆ. ಈ ಕವೂರ್ ಸಾಮಾನ್ಯನಲ್ಲ. 1832ರಿಂದ 1849ರವರೆಗೆ ಗ್ರಿನ್‌ಜಾನೆಯ ಮೇಯರ್ ಆಗಿದ್ದವನು 1861ರಲ್ಲಿ ಒಂದಾದ ಇಟಲಿಯ ಮೊದಲ ಪ್ರಧಾನಿಯಾದ.

ಆದರೆ ವೈನ್ ಬರಹಗಾರ್ತಿ ಕೆರಿನ್ ಓಕೀಫ್ ಹಳೆಯ ದಾಖಲೆಗಳನ್ನು ಹುಡುಕಿ 2014ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಪ್ರಶ್ನಿಸಿದರು. ಊದಾರ್ ಮುಖ್ಯವಾಗಿ ವೈನ್ ವ್ಯಾಪಾರಿ. ಕವೂರನ ನೆಲಮಾಳಿಗೆಯಲ್ಲಿ ನಿಜವಾಗಿ ಕೆಲಸ ಮಾಡಿದವನು ಪಾವ್ಲೋ ಫ್ರಾಂಚೆಸ್ಕೋ ಸ್ತಾಲ್ಯೆನೋ ಎಂಬ ಇಟಲಿಯದೇ ನಿವೃತ್ತ ಸೇನಾಧಿಕಾರಿ. ಅವನು 1835ರಲ್ಲೇ ಪಿಯೆಮೊಂಟೆಯಲ್ಲಿ ವೈನ್ ಮಾಡುವ ಮತ್ತು ಕಾಪಾಡುವ ಬಗ್ಗೆ ಒಂದು ಕೈಪಿಡಿ ಬರೆದಿದ್ದ. ಪಾತ್ರೆ ಸ್ವಚ್ಛವಾಗಿರಬೇಕು, ಹುದುಗುವ ಕೆಲಸ ಪೂರ್ತಿ ಮುಗಿಯಬೇಕು, ಗಾಳಿ ಆಡಬಾರದು... ಇಂಥ ಸೂಚನೆಗಳು. ನನಗೆ ಈ ಎರಡನೇ ಕಥೆಯೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಯಾಕೆಂದರೆ ಯಾವ ಪ್ರಾಜೆಕ್ಟ್ ಯಶಸ್ವಿಯಾದರೂ ಹೊರಗಿನಿಂದ ಬಂದ ಕನ್ಸಲ್ಟೆಂಟ್ ಹೆಸರು ಉಳಿಯುತ್ತದೆ, ಡಾಕ್ಯುಮೆಂಟ್ ಬರೆದವನ ಹೆಸರು ಮರೆತುಹೋಗುತ್ತದೆ :)

ಏನೇ ಇರಲಿ, 1830-40ರ ದಶಕದ ಈ "ಹೊಸ" ಬರೋಲೋ ತೂರಿನ್‌ನ ಅರಮನೆಗೆ ತಲುಪಿತು, ರಾಜರ ವೈನ್ ಆಯಿತು. ಮುಂದೆ "ಸಂಪ್ರದಾಯ" ಅಂತ ಕರೆಸಿಕೊಂಡದ್ದು ಇದೇ.

19ನೇ ಶತಮಾನದ ಕೊನೆಯ ಫಿಲಾಕ್ಸೆರಾ ಕಥೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದಿಂದ ಬಂದ, ಬೇರು ತಿನ್ನುವ ಹೇನು ಅದು. ಫ್ರಾನ್ಸನ್ನು ಹಾಳು ಮಾಡಿ 1879ರಲ್ಲಿ ಇಟಲಿಯಲ್ಲೂ ಕಾಣಿಸಿಕೊಂಡಿತು. ಕೊನೆಗೆ ಸಿಕ್ಕ ಪರಿಹಾರವೂ ಅಮೆರಿಕದ್ದೇ. ಹೇನನ್ನು ತಡೆದುಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ಅಂದರೆ ಇವತ್ತಿನ "ಸಾವಿರ ವರ್ಷದ" ತೋಟಗಳೆಲ್ಲ ಹೆಚ್ಚುಕಡಿಮೆ ಅಮೆರಿಕದ ಬೇರಿನ ಮೇಲೆ ನಿಂತಿವೆ.

ನನಗೆ ಮುಖ್ಯ ಅನ್ನಿಸುವುದು ಇದರ ನಂತರದ ಭಾಗ. ವೈನ್ ರಾಜರದ್ದಾಯಿತು, ಆದರೆ ಬೆಳೆಯುವವನು? ಲಾಂಗೆಯ ರೈತನ ಹತ್ತಿರ ಇದ್ದದ್ದು ಒಂದೆರಡು ಹೆಕ್ಟೇರು. ನೆಲಮಾಳಿಗೆ ಇಲ್ಲ, ಪೀಪಾಯಿಗೆ ದುಡ್ಡಿಲ್ಲ, ವೈನ್ ಮೂರು-ನಾಲ್ಕು ವರ್ಷ ಮಾಗುವವರೆಗೆ ಕಾಯುವ ಶಕ್ತಿಯಂತೂ ಇಲ್ಲವೇ ಇಲ್ಲ. ಕೊಯ್ದ ದ್ರಾಕ್ಷಿಯನ್ನು ಆಲ್ಬಾದ ಚೌಕಕ್ಕೆ ತಂದು ನಿಲ್ಲುತ್ತಿದ್ದ. ದಲ್ಲಾಳಿ ಹೇಳಿದ್ದೇ ರೇಟು. ಸಂಜೆಯಾಗುತ್ತಾ ಬಂದ ಹಾಗೆ ಹಣ್ಣು ಬಾಡುತ್ತದೆ, ರೇಟು ಇಳಿಯುತ್ತದೆ. ಟೊಮೆಟೊ ಲಾರಿ ಜೊತೆ ಕೋಲಾರದ ಮಾರುಕಟ್ಟೆಯಲ್ಲಿ ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ದೊಡ್ಡ ವ್ಯಾಪಾರಿ ಮನೆತನಗಳು ಹತ್ತಾರು ಊರಿನ ದ್ರಾಕ್ಷಿ ಕೊಂಡು, ಬೆರೆಸಿ, ತಮ್ಮ ಹೆಸರಿನಲ್ಲಿ ಬರೋಲೋ ಮಾರುತ್ತಿದ್ದವು. ಯಾವ ಗುಡ್ಡದ್ದು, ಯಾರು ಬೆಳೆದದ್ದು ಅನ್ನುವುದು ಬಾಟಲಿಯ ಮೇಲೆ ಬರುತ್ತಿರಲಿಲ್ಲ.

ಈ ಬಡತನವನ್ನು ಆಲ್ಬಾದವನೇ ಆದ ಲೇಖಕ ಬೆಪ್ಪೆ ಫೆನೋಲ್ಯೋ 1954ರ "ಲಾ ಮಲೋರಾ" ಎಂಬ ಕಿರುಕಾದಂಬರಿಯಲ್ಲಿ ಬರೆದಿದ್ದಾನೆ. ಅದರಲ್ಲಿ ಮನೆಯ ಒಬ್ಬ ಮಗನನ್ನು ಬೇರೆಯವರ ಹೊಲಕ್ಕೆ ಆಳಾಗಿ ಕಳಿಸುತ್ತಾರೆ, ನಮ್ಮಲ್ಲಿ ಜೀತಕ್ಕಿಡುತ್ತಿದ್ದ ಹಾಗೆ. ಯುದ್ಧದ ನಂತರ ಯುವಕರು ಗುಡ್ಡ ಬಿಟ್ಟು ಇಳಿದರು. ಕೆಲವರು ತೂರಿನ್‌ನ ಫಿಯಟ್‌ಗೆ, ಇನ್ನು ಕೆಲವರು 1946ರಲ್ಲಿ ಆಲ್ಬಾದಲ್ಲೇ ಶುರುವಾದ ಫೆರೆರೋ ಮಿಠಾಯಿ ಕಾರ್ಖಾನೆಗೆ. ನುಟೆಲ್ಲಾ ಮಾಡುವ ಕಂಪನಿ ಅದೇ.

ದಲ್ಲಾಳಿಯಿಂದ ತಪ್ಪಿಸಿಕೊಳ್ಳುವ ಪ್ರಯತ್ನಗಳು ನಡೆದೇ ಇದ್ದವು. ಪಕ್ಕದ ಬಾರ್ಬರೆಸ್ಕೋ ಊರಿನಲ್ಲಿ (ಅಲ್ಲೂ ನೆಬ್ಬಿಯೋಲೋನೇ) ಆಲ್ಬಾದ ವೈನ್ ಶಾಲೆಯ ನಿರ್ದೇಶಕ ದೊಮಿತ್ಸಿಯೋ ಕವಾತ್ಸಾ 1894ರಲ್ಲಿ ರೈತರ ಸಹಕಾರಿ ಸಂಘ ಕಟ್ಟಿದ. ಬಾರ್ಬರೆಸ್ಕೋ ಎಂಬ ಹೆಸರಿನಲ್ಲಿ ವೈನ್ ಬಂದದ್ದೇ ಆಗ. ಫ್ಯಾಸಿಸ್ಟರ ಕಾಲದಲ್ಲಿ ಅದು ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿ ಹತ್ತೊಂಬತ್ತು ರೈತರನ್ನು ಸೇರಿಸಿ ಮತ್ತೆ ಶುರು ಮಾಡಿದ, ಮೊದಲ ವೈನ್ ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಆ ಸಂಘ ಈಗಲೂ ಇದೆ, ಚೆನ್ನಾಗಿ ನಡೆಯುತ್ತಿದೆ.

ಆಮೇಲೆ ಕಾನೂನು ಬಂತು. ಊರಿನ ಹೆಸರನ್ನು ಕಾಪಾಡುವ ಯೋಚನೆ ಇಟಲಿಗೆ ಹೊಸದಲ್ಲ. 1716ರಲ್ಲೇ ತಸ್ಕನಿಯ ದೊರೆ ಮೂರನೇ ಕೋಸಿಮೋ ಕಿಯಾಂತಿ ಮತ್ತು ಇನ್ನು ಮೂರು ಪ್ರದೇಶಗಳ ಗಡಿ ಗೊತ್ತು ಮಾಡಿ, ಹೊರಗಿನ ವೈನನ್ನು ಆ ಹೆಸರಿನಲ್ಲಿ ಮಾರಬಾರದು ಅಂತ ಆಜ್ಞೆ ಹೊರಡಿಸಿದ್ದ. ದೇಶಕ್ಕೆಲ್ಲ ಅನ್ವಯಿಸುವ ಆಧುನಿಕ ಕಾನೂನು ಬಂದದ್ದು 1963ರಲ್ಲಿ. ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಸಿಕ್ಕಿರುವ ಭೌಗೋಳಿಕ ಗುರುತಿನ ಥರವೇ, ಆದರೆ ಇನ್ನೂ ಬಿಗಿ. ಯಾವ ದ್ರಾಕ್ಷಿ, ಎಷ್ಟು ಇಳುವರಿ, ಎಷ್ಟು ತಿಂಗಳು ಮರದ ಪೀಪಾಯಿಯಲ್ಲಿ ಅಂತ ಎಲ್ಲಾ ಬರೆದಿಟ್ಟರು. ಬರೋಲೋ 1966ರಲ್ಲಿ ಈ ಪಟ್ಟಿಗೆ ಸೇರಿ, 1980ರಲ್ಲಿ ಇನ್ನೂ ಮೇಲಿನ ದರ್ಜೆಗೆ ಹೋಯಿತು. ಈಗಿನ ನಿಯಮ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ದ್ರಾಕ್ಷಿ ತೆಗೆಯುವಂತಿಲ್ಲ.

ಕಾನೂನು ಬರೋಲೋ ಎಂಬ ಹೆಸರನ್ನು ಕಾಪಾಡಿತು, ಆದರೆ ಗುಡ್ಡದ ಹೆಸರನ್ನೂ ರೈತನ ಹೆಸರನ್ನೂ ಲೇಬಲ್ಲಿಗೆ ತಂದವರು ಬೇರೆ. 1961ರ ಕೊಯ್ಲಿನಲ್ಲಿ ಪ್ರುನೊತ್ತೋ ಸಂಸ್ಥೆಯ ಬೆಪ್ಪೆ ಕೊಲ್ಲಾ ಮತ್ತು ವಿಯೆತ್ತಿ ಮನೆಯ ಆಲ್ಫ್ರೆದೋ ಕುರ್ರಾದೋ ಒಂದೊಂದು ತೋಟದ ದ್ರಾಕ್ಷಿಯನ್ನು ಬೇರೆಯಾಗಿಟ್ಟು, ಆ ತೋಟದ ಹೆಸರನ್ನೇ ಬಾಟಲಿಯ ಮೇಲೆ ಹಾಕಿದರು. ಬ್ರೆಜಿಲ್‌ನಲ್ಲಿ ಕೆಲಸ ಮಾಡಿ 1965ರಲ್ಲಿ ಊರಿಗೆ ಮರಳಿದ ರೆನಾತೋ ರಾತ್ತಿ ಬರೋಲೋದ ಯಾವ ಇಳಿಜಾರು ಎಂಥದ್ದು ಅಂತ ಒಂದು ನಕ್ಷೆಯನ್ನೇ ಮಾಡಿದ. ಲುಯಿಜಿ ವೆರೊನೆಲ್ಲಿ ಎಂಬ ಪತ್ರಕರ್ತ "ರೈತರೇ, ನಿಮ್ಮ ವೈನ್ ನೀವೇ ಬಾಟಲಿಗೆ ತುಂಬಿ" ಎನ್ನುವ ಧಾಟಿಯಲ್ಲಿ ಬರೆಯುತ್ತಲೇ ಹೋದ. ಆದರೆ ಬಾಟಲಿಗೆ ತುಂಬಿದರೆ ಸಾಲದಲ್ಲ, ಮಾರಾಟ ಆಗಬೇಕು. ಅಲ್ಲೇ ತೊಂದರೆ ಇದ್ದದ್ದು.

ಇಲ್ಲಿ ಸ್ವಲ್ಪ ತಯಾರಿಕೆಯ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ.

ಕೆಂಪು ವೈನಿನ ಬಣ್ಣ ಮತ್ತು ಒಗರು ಬರುವುದು ರಸದಿಂದಲ್ಲ, ಸಿಪ್ಪೆ ಮತ್ತು ಬೀಜದಿಂದ. ಒಗರಿಗೆ ಕಾರಣವಾಗುವ ವಸ್ತು ಟ್ಯಾನಿನ್. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅಥವಾ ಮಲೆನಾಡಿನವರಾದರೆ ಅಡಿಕೆ ಬೇಯಿಸಿದ ಚೊಗರು ಗೊತ್ತಲ್ಲ, ಅದೇ. ನೆಬ್ಬಿಯೋಲೋ ನೋಡಲು ತೆಳು ಬಣ್ಣ, ಆದರೆ ಒಗರಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಹಳೆಯ ವಿಧಾನದಲ್ಲಿ ರಸವನ್ನು ಸಿಪ್ಪೆಯ ಜೊತೆ ಮೂವತ್ತು, ನಲವತ್ತು, ಕೆಲವೊಮ್ಮೆ ಐವತ್ತು ದಿನ ಬಿಡುತ್ತಿದ್ದರು. ಮೇಲೆ ತೇಲಿ ಬರುವ ಸಿಪ್ಪೆಯನ್ನು ಹಲಗೆಗಳಿಂದ ಒತ್ತಿ ರಸದಲ್ಲಿ ಮುಳುಗಿಸಿಡುತ್ತಿದ್ದರು. ಆಮೇಲೆ ಸಾವಿರಾರು ಲೀಟರಿನ, ಮನುಷ್ಯನಿಗಿಂತ ಎತ್ತರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಇವುಗಳಿಗೆ "ಬೊತ್ತಿ" ಅಂತ ಹೆಸರು. ಸ್ಲಾವೋನಿಯಾದ ಓಕ್ ಮರದಲ್ಲಿ ಮಾಡಿದ್ದು, ಅಜ್ಜನ ಕಾಲದ್ದನ್ನು ಮೊಮ್ಮಗ ಬಳಸುವಂಥದ್ದು. ವರ್ಷ ಕಳೆದ ಹಾಗೆ ಟ್ಯಾನಿನ್ ಕಣಗಳು ಒಂದಕ್ಕೊಂದು ಅಂಟಿ ಒಗರು ಇಳಿಯುತ್ತದೆ. ಇಂಥ ಬರೋಲೋ ಬಾಟಲಿಯಲ್ಲಿ ಇನ್ನೂ ಹತ್ತು-ಹದಿನೈದು ವರ್ಷ ಕೂತರೆ ಅದ್ಭುತ. ಆದರೆ ಪೀಪಾಯಿ ಹಳೆಯದಾಗಿ ಒಳಗೆ ಕೊಳೆ ಕೂತಿದ್ದರೆ? ಹದಿನೈದು ವರ್ಷ ಕಾದು ತೆರೆದಾಗ ಹುಳಿಯೋ ಮುಗ್ಗಲೋ ಸಿಗುತ್ತದೆ. ಅದೂ ಆಗುತ್ತಿತ್ತು.

ಫ್ರಾನ್ಸಿನ ಬರ್ಗಂಡಿಯಲ್ಲಿ, ಬೋರ್ಡೋದಲ್ಲಿ ಬಳಸುತ್ತಿದ್ದದ್ದು ಬರೀಕ್ ಎಂಬ ಸುಮಾರು 225 ಲೀಟರಿನ ಸಣ್ಣ ಪೀಪಾಯಿ. ಗಾತ್ರ ಬದಲಾದರೆ ಏನು ವ್ಯತ್ಯಾಸ? ಇದಕ್ಕೆ ಹೈಸ್ಕೂಲಿನ ಗಣಿತ ಸಾಕು. 5000 ಲೀಟರಿನ ಬೊತ್ತಿ ಬರೀಕ್‌ಗಿಂತ 22 ಪಟ್ಟು ದೊಡ್ಡದು. ಆಕಾರ ಒಂದೇ ಅಂತ ಇಟ್ಟುಕೊಂಡರೆ, ಒಂದು ಲೀಟರ್ ವೈನಿಗೆ ತಾಗುವ ಮರದ ಮೇಲ್ಮೈ 22ರ ಘನಮೂಲದಷ್ಟು, ಅಂದರೆ ಸುಮಾರು 2.8 ಪಟ್ಟು ಬರೀಕ್‌ನಲ್ಲಿ ಹೆಚ್ಚು. ಹಲಗೆಯೂ ತೆಳು. ಗಾಳಿ ಬೇಗ ಒಳಗೆ ಹೋಗುತ್ತದೆ, ಒಗರು ಬೇಗ ಇಳಿಯುತ್ತದೆ. ಜೊತೆಗೆ ಪೀಪಾಯಿ ಹೊಸದಾದರೆ, ಒಳಗೆ ಬೆಂಕಿಯಲ್ಲಿ ಕಾಯಿಸಿರುವುದರಿಂದ ವೆನಿಲ್ಲಾದ, ಸುಟ್ಟ ಮರದ ವಾಸನೆಯೂ ಸೇರುತ್ತದೆ.

ಇನ್ನು ಎಲಿಯೋ ಅಲ್ತಾರೆಯ ಕಥೆ. ಲಾ ಮೋರ್ರಾದ ಒಬ್ಬ ಸಣ್ಣ ರೈತನ ಮಗ. 1976ರಲ್ಲಿ ಬರ್ಗಂಡಿ ನೋಡಲು ಹೋದ. ಹೋಟೆಲಿಗೆ ದುಡ್ಡಿಲ್ಲದೆ ಕಾರಿನಲ್ಲೇ ಮಲಗಿದ. ಬೆಳಿಗ್ಗೆ ನೋಡಿದರೆ ತನ್ನಷ್ಟೇ ಜಮೀನಿರುವ ಫ್ರೆಂಚ್ ದ್ರಾಕ್ಷಿ ರೈತ ಪೋರ್ಷೆ ಕಾರಿನಲ್ಲಿ ಓಡಾಡುತ್ತಿದ್ದಾನೆ! ಇದನ್ನು ಎಲಿಯೋ ಆಮೇಲೆ ಬೇಕಾದಷ್ಟು ಸಲ ಹೇಳಿಕೊಂಡಿದ್ದಾನೆ. ಊರಿಗೆ ಬಂದವನು ಬದಲಾಯಿಸಲು ಹೊರಟ. ಬಳ್ಳಿಯಲ್ಲಿ ಹಣ್ಣು ಕಡಿಮೆಯಿದ್ದರೆ ಉಳಿದದ್ದು ಚೆನ್ನಾಗಿ ಮಾಗುತ್ತದೆ ಅಂತ ಬೇಸಿಗೆಯಲ್ಲೇ ಅರೆ ಮಾಗಿದ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕಿದ. ಹಸಿವು ಕಂಡಿದ್ದ ಅಪ್ಪ ಜೊವಾನಿಗೆ ಅದು ಹೇಗೆ ಕಂಡಿರಬೇಕು ಯೋಚಿಸಿ. ಅನ್ನವನ್ನು ಕಾಲಲ್ಲಿ ಒದ್ದ ಹಾಗೆ. 1983ರಲ್ಲಿ ಒಂದು ದಿನ ಎಲಿಯೋ ಮೋಟಾರ್ ಗರಗಸ ತಂದು ನೆಲಮಾಳಿಗೆಯ ಹಳೆಯ ಬೊತ್ತಿಗಳನ್ನು ಕೊಯ್ದುಬಿಟ್ಟ. ಬರೀಕ್ ತಂದಿಟ್ಟ.

ಅಪ್ಪ ಮಗನನ್ನು ಆಸ್ತಿಯಿಂದ ಹೊರಗಿಟ್ಟ. 1985ರಲ್ಲಿ ತೀರಿಕೊಂಡಾಗಲೂ ಅಪ್ಪನ ಮನಸ್ಸು ಬದಲಾಗಿರಲಿಲ್ಲ. ಎಲಿಯೋ ಸಾಲ ಮಾಡಿ ತನ್ನದೇ ಮನೆಯ ಜಮೀನನ್ನು ಒಡಹುಟ್ಟಿದವರಿಂದ ಕೊಂಡುಕೊಳ್ಳಬೇಕಾಯಿತು.

ಆ ಹೊತ್ತಿಗೇ ಇನ್ನೊಂದು ಅನಾಹುತ ನಡೆಯಿತು. 1986ರ ಮಾರ್ಚಿನಲ್ಲಿ ಅಗ್ಗದ ವೈನ್ ಕುಡಿದು ಉತ್ತರ ಇಟಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ಆಲ್ಕೋಹಾಲ್ ಪ್ರಮಾಣ ಹೆಚ್ಚು ತೋರಿಸಲು ವೈನಿಗೆ ಮೆಥನಾಲ್ ಬೆರೆಸಿದ್ದರು. ವಿಷದ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಬರೋಲೋ ಗುಡ್ಡಗಳ ಪಕ್ಕದಲ್ಲೇ ಇರುವ ನಾರ್ಜೋಲೆ ಎಂಬ ಊರಿನ ಸಗಟು ವ್ಯಾಪಾರಿ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿದ್ದದ್ದೂ ಇದೇ ಮೆಥನಾಲ್. ಎರಡೂ ಕಡೆ ಸತ್ತವರು ಅಗ್ಗದ್ದನ್ನು ಕೊಂಡವರು.

ಇಟಲಿಯ ವೈನ್ ರಫ್ತು ಕುಸಿದುಬಿತ್ತು. ಆದರೆ ಇದರಿಂದಲೇ ಒಂದು ಪ್ರಶ್ನೆ ಎಲ್ಲರ ಬಾಯಿಗೆ ಬಂತು: ಈ ಬಾಟಲಿಯಲ್ಲಿರುವುದನ್ನು ಮಾಡಿದವನು ಯಾರು? ಹೆಸರು ಹೇಳುವ, ತೋಟ ತೋರಿಸುವ ಸಣ್ಣ ರೈತನಿಗೆ ಮೊದಲ ಸಲ ಬೆಲೆ ಬಂತು. ಎಲಿಯೋ, ರೊಬೆರ್ತೋ ವೋಯೆರ್ತ್ಸಿಯೋ, ಗಂಡಸರೇ ತುಂಬಿದ್ದ ಆ ಗುಂಪಿನಲ್ಲಿ ಕಿಯಾರಾ ಬೋಸ್ಕಿಸ್ ಮುಂತಾದವರು ಅಮೆರಿಕಕ್ಕೆ ಹೋಗಿ ವೈನ್ ಮಾರಿದರು. "ಬರೋಲೋ ಬಾಯ್ಸ್" ಅಂತ ಹೆಸರಾಯಿತು. 2014ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂದಿದೆ. ಅವರು ಸಿಪ್ಪೆಯ ಜೊತೆ ರಸ ಬಿಡುತ್ತಿದ್ದದ್ದು ತಿಂಗಳುಗಟ್ಟಲೆ ಅಲ್ಲ, ತಿರುಗುವ ಉಕ್ಕಿನ ಟ್ಯಾಂಕಿನಲ್ಲಿ ಕೆಲವೇ ದಿನ. ಬೇಗ ಕುಡಿಯಬಹುದಾದ, ಗಾಢ ಬಣ್ಣದ, ವೆನಿಲ್ಲಾ ಪರಿಮಳದ ಬರೋಲೋ. ಅಮೆರಿಕದ ವಿಮರ್ಶಕರು ಮೆಚ್ಚಿ ಅಂಕ ಕೊಟ್ಟರು.

ಎದುರು ಪಕ್ಷದ ನಾಯಕ ಬಾರ್ತೊಲೋ ಮಸ್ಕರೆಲ್ಲೋ. ಯುದ್ಧಕಾಲದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವನು, ಬರೋಲೋ ಊರಿನಲ್ಲೇ ಇದ್ದುಕೊಂಡು ತನ್ನ ನಾಲ್ಕು ತೋಟಗಳ ದ್ರಾಕ್ಷಿಯನ್ನು ಬೆರೆಸಿ ಒಂದೇ ಬರೋಲೋ ಮಾಡುತ್ತಿದ್ದವನು. ವಯಸ್ಸಾಗಿ ತೋಟಕ್ಕೆ ಹೋಗಲಾಗದಿದ್ದಾಗ ಕೂತು ಲೇಬಲ್‌ಗಳಿಗೆ ಕೈಯಾರೆ ಚಿತ್ರ ಬರೆಯುತ್ತಿದ್ದ. ಒಂದು ಲೇಬಲ್ ಮೇಲೆ "ನೋ ಬರೀಕ್, ನೋ ಬೆರ್ಲುಸ್ಕೋನಿ" ಅಂತ ಬರೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅವನ ವಾದ: ವೆನಿಲ್ಲಾ ವಾಸನೆ ಮಾಡಿದರೆ ಅದು ಜಗತ್ತಿನ ಯಾವ ಊರಿನ ವೈನ್ ಬೇಕಾದರೂ ಆಗಬಹುದು, ಬರೋಲೋ ಯಾಕೆ ಬೇಕು?

ಓದುವವರು ಸಾಮಾನ್ಯವಾಗಿ ಇದರಲ್ಲಿ ಒಂದು ಪಕ್ಷ ಹಿಡಿಯುತ್ತಾರೆ. ಈಗಿನ ಫ್ಯಾಷನ್ ಅಂತೂ ಬಾರ್ತೊಲೋ ಕಡೆ. ಆದರೆ ನನಗೆ ಕಂಡದ್ದು ಬೇರೆ. ಬಾರ್ತೊಲೋನ ಅಪ್ಪ ಜೂಲಿಯೋ 1918ರಲ್ಲೇ ತನ್ನದೇ ನೆಲಮಾಳಿಗೆ ಶುರು ಮಾಡಿ ತನ್ನ ಹೆಸರಿನಲ್ಲಿ ವೈನ್ ಮಾರಿದ ಅಪರೂಪದ ಸಣ್ಣ ರೈತ. ಹಾಗಾಗಿ ಮಗನಿಗೆ ಹೆಸರೂ ಇತ್ತು, ಹಳೆಯ ಗಿರಾಕಿಗಳೂ ಇದ್ದರು, ಕಾಯುವ ಶಕ್ತಿಯೂ ಇತ್ತು. ಎಲಿಯೋಗೆ ಅದ್ಯಾವುದೂ ಇರಲಿಲ್ಲ. ಅವನಿಗೆ ಬರೀಕ್ ಬೇಕಾಗಿದ್ದದ್ದು ರುಚಿಗಷ್ಟೇ ಅಲ್ಲ, ಹದಿನೈದು ವರ್ಷ ಕಾಯದೆ ನಾಲ್ಕೇ ವರ್ಷದಲ್ಲಿ ದುಡ್ಡು ನೋಡುವುದಕ್ಕೆ. ಪೀಪಾಯಿಯ ಜಗಳದ ಕೆಳಗಿದ್ದದ್ದು ದಲ್ಲಾಳಿಯ ಚೌಕಕ್ಕೆ ಮತ್ತೆ ಹೋಗಬಾರದು ಎನ್ನುವ ಹಠ. ಆ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ಇದ್ದರು.

ಜಗಳ ಈಗ ತಣ್ಣಗಾಗಿದೆ. ಬರೀಕ್ ತಂದವರಲ್ಲಿ ಹಲವರು ದೊಡ್ಡ ಪೀಪಾಯಿಗಳಿಗೆ ಮರಳಿದ್ದಾರೆ, ಹಳೆಯ ವಿಧಾನದವರು ಹೊಸಬರಿಂದ ಸ್ವಚ್ಛತೆಯನ್ನೂ ಇಳುವರಿ ಇಳಿಸುವುದನ್ನೂ ಕಲಿತರು. ಬಾರ್ತೊಲೋ 2005ರಲ್ಲಿ ತೀರಿಕೊಂಡ, ಮಗಳು ಮರಿಯಾ ತೆರೇಸಾ ಅದೇ ರೀತಿ ನಡೆಸುತ್ತಿದ್ದಾಳೆ. ಹವಾಮಾನ ಬಿಸಿಯಾಗಿ ನೆಬ್ಬಿಯೋಲೋ ಈಗ ಎಷ್ಟೋ ವರ್ಷ ಸೆಪ್ಟೆಂಬರಿನಲ್ಲೇ ಮಾಗಿಬಿಡುತ್ತದೆ, ಹೆಸರು ಕೊಟ್ಟ ಮಂಜು ಬರುವ ಮೊದಲೇ.

ಈಗಿನ ಜಗಳ ಹೆಸರಿನದ್ದೇ. 2010ರಲ್ಲಿ ಬರೋಲೋದ ತೋಟಗಳ ಹೆಸರುಗಳನ್ನು ಅಧಿಕೃತವಾಗಿ ಪಟ್ಟಿ ಮಾಡಿದರು, ಊರುಗಳ ಹೆಸರೂ ಸೇರಿ 181. ಅವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧ ಕನ್ನೂಬಿ ಎಂಬ ಗುಡ್ಡ. 1752ರ ಒಂದು ಬಾಟಲಿಯ ಮೇಲೆ ಆ ಹೆಸರಿದೆ. ಆದರೆ ಕನ್ನೂಬಿ ಅಂದರೆ ನಡುವಿನ 15 ಹೆಕ್ಟೇರು ಮಾತ್ರವೋ, ಅಕ್ಕಪಕ್ಕದ ಕನ್ನೂಬಿ ಬೋಸ್ಕಿಸ್, ಕನ್ನೂಬಿ ಮುಸ್ಕಾತೆಲ್ ಮುಂತಾದ ತುಂಡುಗಳೂ ಸೇರಿ 34 ಹೆಕ್ಟೇರೋ? ಸುತ್ತಲಿನವರು ಬರೀ "ಕನ್ನೂಬಿ" ಅಂತ ಬರೆಯಬಾರದು ಅಂತ ಹಲವು ರೈತರು ಕೋರ್ಟಿಗೆ ಹೋದರು. 2012ರಲ್ಲಿ ಗೆದ್ದರು, 2013ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. ಈಗ 34 ಹೆಕ್ಟೇರೂ ಕನ್ನೂಬಿಯೇ. ಸಾಫ್ಟ್‌ವೇರಿನವರಿಗೆ ನೇಮ್‌ಸ್ಪೇಸ್ ಜಗಳ ಹೊಸದಲ್ಲ, ಆದರೆ ಇಲ್ಲಿ ಒಂದೊಂದು ಅಕ್ಷರಕ್ಕೂ ಕೋಟಿ ರೂಪಾಯಿ ಬೆಲೆ :)

ಒಳ್ಳೆಯ ಇಳಿಜಾರಿನ ಭೂಮಿ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟಿ ಎಷ್ಟೋ ಕಾಲವಾಯಿತು. 2014ರಲ್ಲಿ ಯುನೆಸ್ಕೋ ಈ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1961ರಲ್ಲಿ ತೋಟದ ಹೆಸರನ್ನು ಲೇಬಲ್ಲಿಗೆ ತಂದ ವಿಯೆತ್ತಿ ಮನೆತನ 2016ರಲ್ಲಿ ಸಂಸ್ಥೆಯನ್ನು ಅಮೆರಿಕದ ಕ್ರೌಸ್ ಎಂಬ ಉದ್ಯಮಿ ಕುಟುಂಬಕ್ಕೆ ಮಾರಿತು. ಗರಗಸ ಹಿಡಿದ ತಲೆಮಾರಿನ ಮಕ್ಕಳು ಇವತ್ತು ಆ ಗುಡ್ಡದಲ್ಲಿ ಹೊಸದಾಗಿ ಒಂದು ಎಕರೆ ಕೊಳ್ಳಬೇಕೆಂದರೂ ಕಷ್ಟ.

ದ್ರಾಕ್ಷಿ ಕೊಯ್ಯುವ ಕೈಗಳೂ ಬದಲಾಗಿವೆ. ಕೆಲಸದ ಕಾಲದಲ್ಲಿ ಬಾಲ್ಕನ್ ದೇಶಗಳಿಂದ, ಆಫ್ರಿಕಾದಿಂದ ಬಂದ ಕೂಲಿಗಳು ಸಾಲುಗಳ ನಡುವೆ ಇರುತ್ತಾರೆ. ಅವರನ್ನು ತೋಟಗಳಿಗೆ ಕಳಿಸುವ ಮೇಸ್ತ್ರಿಗಳಿದ್ದಾರೆ, ಕೂಲಿಯಲ್ಲಿ ಅವರ ಪಾಲು ಮುರಿದುಕೊಂಡೇ ಕೈಗೆ ಕೊಡುತ್ತಾರೆ. 2024ರ ಜುಲೈನಲ್ಲಿ ಆಲ್ಬಾ ಸುತ್ತಮುತ್ತ ಇಂಥ ಶೋಷಣೆಯ ಪ್ರಕರಣದಲ್ಲಿ ಪೊಲೀಸರು ಕೆಲವರನ್ನು ಬಂಧಿಸಿದರು. ದಲ್ಲಾಳಿ ಚೌಕ ಬಿಟ್ಟು ತೋಟದೊಳಗೇ ಬಂದಿದ್ದಾನೆ.